ವೇದಿಕೆಯ ಆ ಪಕ್ಕ

ಬೆಳಗ್ಗೆ ಸಭಾಂಗಣದ ಹಿಂಬಾಗಿಲು ತೆರೆದ ಕ್ಷಣದಿಂದ ಸಂಜೆ ಮೊದಲ ಹಾಡು ಆರಂಭವಾಗುವವರೆಗೆ ಎಲ್ಲಕ್ಕೂ ಒಂದು ಕ್ರಮವಿತ್ತು. ಮೊದಲು ದೀಪಗಳು ಮೇಲೇರಬೇಕು. ಆಮೇಲೆ ಆಳೆತ್ತರದ ಸ್ಪೀಕರ್‌ಗಳು. ಆಮೇಲೆ ಡ್ರಮ್ಮಿನ ಮರದ ಕಟ್ಟೆ. ಅನಂತರ ಆಂಪ್‌ಗಳು, ಎಂದರೆ ಗಿಟಾರಿನ ಸಣ್ಣ ದನಿಯನ್ನು ದೊಡ್ಡದು ಮಾಡುವ, ಹೊಟ್ಟೆಯೊಳಗೆ ಗಾಜಿನ ವಾಲ್ವ್‌ಗಳು ಉರಿಯುವ ಭಾರದ ಪೆಟ್ಟಿಗೆಗಳು. ಎಲ್ಲರ ಓಡಾಟ ಮುಗಿದು, ಎದ್ದ ಧೂಳು ಕೆಳಗೆ ಕೂತ ಮೇಲೆ, ಕಟ್ಟಕಡೆಗೆ ಗಿಟಾರ್‌ಗಳು.

ಆ ಪ್ರಸಿದ್ಧ ರಾಕ್ ತಂಡದ ಗಿಟಾರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಅವಳು, ಮೊದಲ ದಿನ ಈ ಕ್ರಮವನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. ಆದರೆ ವೇದಿಕೆಯ ಮೇಲೆ ಕಾಲಿಟ್ಟಾಗ ಕ್ರಮ ಆಗಲೇ ತಪ್ಪಿತ್ತು.

ಒಂದು ಗಿಟಾರ್ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಅದೂ ಯಾವುದು? ಕರಿಯ!

ಕರಿಯನನ್ನು ಚಿತ್ರಗಳಲ್ಲಿ ನೋಡದವರು ಯಾರಿದ್ದರು? ತಂಡದ ಗಿಟಾರ್ ವಾದಕಿ, ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಆ ಹಿರಿಯ ಹೆಂಗಸು, ಹದಿಹರೆಯದಲ್ಲಿ ಕೊಂಡ ಮೊದಲ ಗಿಟಾರ್ ಅದು. ಅಕ್ಕನ ಮುಂಗೈ ಉಜ್ಜಿ ಉಜ್ಜಿ ಒಂದು ಕಡೆ ಕಪ್ಪು ಬಣ್ಣ ಪೂರ್ತಿ ಹೋಗಿ, ಒಳಗಿನ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಸಾವಿರಾರು ಜನರನ್ನು ಒಂದೇ ಸ್ವರದಿಂದ ಸುಮ್ಮನಾಗಿಸಿದ ಆ ಗಿಟಾರನ್ನು ಈಗ ಉದ್ದ ಕೈಗಳ, ಕೆದರಿದ ಕೂದಲಿನ ಯಾರೋ ಒಬ್ಬ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

“ಕೈ ತೆಗೀರಿ,” ಎಂದಳು.

ಅವನು ತಲೆಯೆತ್ತಿದ. “ನನಗೆ ಹೇಳಿದ್ರಾ?”

“ಅದರ ಮೇಲೆ ಇನ್ಯಾರದಾದ್ರೂ ಕೈ ಇದ್ಯಾ?”

“ಇಲ್ಲ. ಇಷ್ಟು ವರ್ಷದಿಂದ ಇದೇ ಕೈ. ಆಂಪ್ ನೋಡ್ಕೊಳ್ಳೋನು ನಾನು. ಸರಿಯಾಗಿದ್ಯಾ ಅಂತ ಕರಿಯನನ್ನ ನುಡಿಸಿಯೇ ನೋಡೋದು.”

“ಕರಿಯನನ್ನ ನೋಡ್ಕೊಳ್ಳೋಕೆ ಇವತ್ತಿಂದ ನಾನಿದ್ದೀನಿ. ನೀವು ಬೇರೆ ಗಿಟಾರ್ ತಗೊಳ್ಳಿ.”

“ಬೇರೆ ಗಿಟಾರ್‌ಗಳು ಈ ಆಂಪಿನ ಹತ್ರ ಸುಳ್ಳು ಹೇಳ್ತವೆ. ಕರಿಯ ಹೇಳಲ್ಲ.”

“ನಿಮ್ಮ ಬೆಲ್ಟಿನ ಬಕಲ್ ಅವನ ಬೆನ್ನು ಗೀರ್ತಾ ಇದೆ. ಅದು ಸುಳ್ಳಲ್ಲ ತಾನೇ?”

ಅವನು ಕೆಳಗೆ ನೋಡಿಕೊಂಡ. ಗಿಟಾರನ್ನು ಹೆಗಲಿಂದ ಇಳಿಸಿ, ಎರಡೂ ಕೈಗಳಲ್ಲಿ ಹಿಡಿದು ಅವಳಿಗೆ ಕೊಟ್ಟ. ಕೊಡುವಾಗ ಅವನ ಕಣ್ಣು ಗಿಟಾರಿನ ಮೇಲಿರಲಿಲ್ಲ, ಅವಳ ಮೇಲಿತ್ತು. ಅವಳ ಎದೆ ಯಾಕೋ ಒಂದು ಬಡಿತ ತಪ್ಪಿತು... ಭಾರದ ಗಿಟಾರ್, ಅದಕ್ಕೇ ಇರಬೇಕು ಎಂದುಕೊಂಡಳು.

ವೇದಿಕೆಯ ಕೆಲಸಗಾರರಿಗೆಲ್ಲ ಯಜಮಾನನಾದ ಮೇಸ್ತ್ರಿ ದೂರದಿಂದಲೇ ನಕ್ಕ. “ಏನಮ್ಮಾ, ಬಂದ ದಿನಾನೇ ಕಾವಲಿಗೆ ಬಿಸಿ ಮುಟ್ಟಿಸಿಬಿಟ್ಯಲ್ಲ?”

ಅವನ ಅಡ್ಡಹೆಸರು ಕಾವಲಿ ಎಂದು ಅವಳಿಗೆ ತಿಳಿದದ್ದು ಹಾಗೆ. ಅವನ ಆಂಪ್‌ಗಳು ಸದಾ ಬಿಸಿಯಾಗಿರುತ್ತಿದ್ದವು. ಚಹಾ ಆರದಿರಲೆಂದು ಎಲ್ಲರೂ ಲೋಟಗಳನ್ನು ಅವುಗಳ ತಲೆಯ ಮೇಲಿಡುತ್ತಿದ್ದರು, ಅವನು ಬೈಯುತ್ತ ತೆಗೆಯುತ್ತಿದ್ದ. ಆ ಮಧ್ಯಾಹ್ನದ ಹೊತ್ತಿಗೆ ಅವಳಿಗೂ ಒಂದು ಹೆಸರು ಸಿಕ್ಕಿತ್ತು. ಪ್ರತಿ ಗಿಟಾರಿನ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಉಕ್ಕಿನ ಪುಟ್ಟ ಪಟ್ಟಿಯಿಟ್ಟು ನೋಡುತ್ತಿದ್ದುದರಿಂದ, ಅಳತೆಯಮ್ಮ.

ಮಾರನೆಯ ಬೆಳಗ್ಗೆ ಅವಳು ಬಂದಾಗ ಎಲ್ಲರೂ ಮುಸಿಮುಸಿ ನಗುತ್ತಿದ್ದರು. ಕಾವಲಿ ಏನೂ ಆಗದವನಂತೆ ಕೇಬಲ್ ಸುತ್ತುತ್ತಿದ್ದ. ಅವನ ಬೆಲ್ಟು ತಿರುಗಿತ್ತು. ಬಕಲ್ ಬೆನ್ನ ಹಿಂದಿತ್ತು.

ಅವಳು ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡಳು.

ಊರಿಂದ ಊರಿಗೆ ಪ್ರವಾಸ ಸಾಗಿತು. ಲಾರಿಗಳ ಬಾಗಿಲು ತೆರೆದಾಗಲೆಲ್ಲ ಅವಳಿಗೆ ಹೊಸದಾಗಿ ಬೆರಗಾಗುತ್ತಿತ್ತು. ಕೆಂಪಿ ಎಂಬ ಹೊಳೆಯುವ ಗಿಟಾರ್, ಹನ್ನೆರಡು ತಂತಿಯ ಜೋಡೆಮ್ಮ, ಮೂಲೆ ಒಡೆದು ಲೋಹದ ತೇಪೆ ಹಾಕಿಸಿಕೊಂಡ ಆಂಪ್‌ಗಳು, ಅಕ್ಕ ಕಾಲಿನಿಂದ ಒತ್ತುವ ಪೆಡಲ್‌ಗಳ ಹಲಗೆ. ಆ ಹಲಗೆಯ ಒಂದು ಪೆಡಲ್ ಮೇಲೆ ಅಕ್ಕನ ಹೆಬ್ಬೆರಳಿನ ಗುರುತು ಬಟ್ಟಲಿನ ಹಾಗೆ ತಗ್ಗಾಗಿತ್ತು, ಏಕೆಂದರೆ ಅಕ್ಕ ವೇದಿಕೆಯ ಮೇಲೆ ಚಪ್ಪಲಿ ಹಾಕುತ್ತಿರಲಿಲ್ಲ. ಒಂದು ಮನುಷ್ಯ ಜೀವ ಇಷ್ಟು ವರ್ಷ ಬಿಡದೆ ಒಂದೇ ಕೆಲಸವನ್ನು ಪ್ರೀತಿಸಿದರೆ ಲೋಹವೂ ಬಾಗುತ್ತದೆ! ಅವಳು ಆ ತಗ್ಗನ್ನು ದಿನವೂ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒರೆಸುವಾಗ ಮೈ ಜುಮ್ಮೆನ್ನುತ್ತಿತ್ತು.

ಆ ಅಕ್ಕನೇ ವೇದಿಕೆಯಿಂದ ಇಳಿದರೆ ತಲೆಯ ಮೇಲಿದ್ದ ಕನ್ನಡಕವನ್ನು ಕೋಣೆಯೆಲ್ಲ ಹುಡುಕುತ್ತಿದ್ದರು.

ಅವಳಿಗೂ ಕಾವಲಿಗೂ ಮಾತು ಬೆಳೆಯಲು ಕಾರಣ ಕಾಯುವಿಕೆ. ವಾಲ್ವ್ ಕಾಯಬೇಕು, ಹೊಸ ತಂತಿ ಹಿಗ್ಗಬೇಕು. ಅಲ್ಲಿಯವರೆಗೆ ಇಬ್ಬರೂ ವೇದಿಕೆಯ ಎಡ ಪಕ್ಕದಲ್ಲಿ, ಅಕ್ಕ ನಿಲ್ಲುವ ಕಡೆಯ ಪರದೆಯ ಮರೆಯಲ್ಲಿ, ಪೆಟ್ಟಿಗೆಗಳ ಮೇಲೆ ಕೂರಬೇಕು.

“ನೀವು ಪ್ರತಿ ತಂತಿನೂ ಮೂರು ಸಲ ಎಳೀತೀರಲ್ಲ, ಯಾಕೆ?” ಎಂದು ಅವನು ಒಂದು ದಿನ ಕೇಳಿದ.

“ಈಗ ಹಿಗ್ಗಿಸದಿದ್ರೆ ಹಾಡಿನ ಮಧ್ಯೆ ಹಿಗ್ಗುತ್ತೆ. ಶ್ರುತಿ ಇಳಿಯುತ್ತೆ.”

“ಮನುಷ್ಯರಿಗೂ ಹೀಗೇ ಮೊದಲೇ ಎಳೆದಿಟ್ಟಿದ್ರೆ ಚೆನ್ನಾಗಿರ್ತಿತ್ತು.”

“ನಿಮ್ಮನ್ನ ಎಳೆದ್ರೆ ಏನಾಗುತ್ತೆ?”

“ಬಹುಶಃ ಮಾತು ಬರುತ್ತೆ.”

ಅವಳು ನಕ್ಕಳು. ಅವನು ನಗಲಿಲ್ಲ, ಆದರೆ ಅವನ ಚಹಾ ಲೋಟ ಆ ದಿನ ಮೊದಲ ಬಾರಿಗೆ ಅವನದೇ ಆಂಪಿನ ತಲೆಯ ಮೇಲೆ ಕೂತಿತು. ಪಕ್ಕದಲ್ಲಿ ಅವಳದು.

ಅಮ್ಮ ದಿನವೂ ಫೋನ್ ಮಾಡುತ್ತಿದ್ದಳು. ಅಮ್ಮನದು ಹೊಲಿಗೆ ಕೆಲಸ. ಯಂತ್ರ ತುಳಿಯುತ್ತಲೇ ಮಾತು.

“ಆ ಕಾವಲಿಗೆ ನೆಗಡಿ ಕಡಿಮೆ ಆಯ್ತಾ?”

“ಅಮ್ಮಾ, ಅವರ ಸುದ್ದಿ ಈಗ ಯಾಕೆ?”

“ನೀನೇ ತಾನೇ, ಗಿಟಾರಿಂದ ಶುರು ಮಾಡಿ ಅವನ ಅಂಗಿ ಗುಂಡಿ ಹತ್ರ ಬಂದು ನಿಲ್ಲೋದು. ಗುಂಡಿ ಹೊಲಿಯೋದು ನನ್ನ ಕಸುಬು ಕಣೇ, ನನಗೆ ಗೊತ್ತಾಗಲ್ವಾ?”

“ಏನ್ ಗೊತ್ತಾಗುತ್ತೆ?”

“ಯಾವ ಗುಂಡಿ ಯಾವ ಕಾಜಕ್ಕೆ ಅಂತ. ಇಡು ಫೋನು, ಗಿರಾಕಿ ಬಂದ್ರು.”

ಅವಳು ಫೋನ್ ಹಿಡಿದುಕೊಂಡೇ ಕೆಂಪಾದಳು. ಮರುದಿನ ಬೆಳಗ್ಗೆ, ತಾನೇ ಹಾಕಿದ ನಿಯಮವನ್ನು ತಾನೇ ಸಡಿಲಿಸಿ, ಕರಿಯನನ್ನು ಎತ್ತಿ ಅವನ ಮುಂದೆ ಹಿಡಿದಳು.

“ತಗೊಳ್ಳಿ. ಆಂಪ್ ನೋಡ್ಕೊಳ್ಳಿ. ನಾನು ಪಕ್ಕದಲ್ಲೇ ಇರ್ತೀನಿ.”

ಅವನು ಕರಿಯನನ್ನು ಹೆಗಲಿಗೇರಿಸಿದ. ಆಮೇಲೆ ಒಂದೇ ಒಂದು ಸ್ವರ ನುಡಿಸಿದ. ಮೂಗು ಕಟ್ಟಿಕೊಂಡು ಅತ್ತು ಮುಗಿಸಿದ ಮಗು ಉಸಿರೆಳೆದುಕೊಂಡಂತಹ ದನಿ. ಲೋಕದಲ್ಲಿ ಇನ್ನಾವ ಗಿಟಾರಿಗೂ ಇಲ್ಲದ ದನಿ. ಅಂದಿನಿಂದ ಪ್ರತಿ ಬೆಳಗಿನ ಮೊದಲ ಸ್ವರವನ್ನು ಅವನು ನುಡಿಸುವುದು, ಅವಳು ಕೇಳುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಮೇಸ್ತ್ರಿ ಲಾರಿಯ ಬಳಿ ಅವಳನ್ನು ತಡೆದ.

“ಸುದ್ದಿ ಗೊತ್ತಾಯ್ತೇನಮ್ಮಾ? ಕಾವಲಿ ನಿನ್ನ ಪಕ್ಕ ಬಿಡ್ತಾನಂತೆ. ಬಲಗಡೆ, ಬೇಸ್ ಗಿಟಾರಿನ ಕಡೆಗೆ ಹಾಕು ಅಂತ ಅವನೇ ಬಂದು ಕೇಳ್ಕೊಂಡ.”

“ಯಾಕಂತೆ?”

ಮೇಸ್ತ್ರಿ ಮೀಸೆಯಡಿಯಲ್ಲಿ ನಕ್ಕ. “ಅದನ್ನ ನನ್ನ ಬಾಯಲ್ಲಿ ಹೇಳಿಸ್ತೀಯಾ? ಅವನನ್ನೇ ಕೇಳು.” ಅಷ್ಟರಲ್ಲಿ ಯಾರೋ ಪೆಟ್ಟಿಗೆಯೊಂದನ್ನು ತಲೆಕೆಳಗಾಗಿ ಇಳಿಸಿದರು. ಮೇಸ್ತ್ರಿ ಅವರ ವಂಶವನ್ನು ವಿಚಾರಿಸುತ್ತ ಓಡಿದ.

ಅವಳು ನಿಂತಲ್ಲೇ ನಿಂತಳು. ಅವನೇ ಕೇಳಿಕೊಂಡನಂತೆ... ನನ್ನ ಪಕ್ಕ ಬಿಡುತ್ತಾನಂತೆ... ನನಗೆ ಒಂದು ಮಾತೂ ಹೇಳದೆ! ಮೇಸ್ತ್ರಿ ನಕ್ಕದ್ದು ಯಾಕೆ? ತನ್ನ ಅಳತೆ, ತನ್ನ ನಿಯಮ, ತನ್ನ ಕಿರಿಕಿರಿ ಅವರಿಬ್ಬರ ನಡುವೆ ತಮಾಷೆಯ ವಸ್ತುವಾಗಿತ್ತೇ?

ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೊಂದ ಮನಸ್ಸಿನ ಬಾಯಿಗೆ ಮೊದಲು ಬೀಗ ಬೀಳುತ್ತದೆ.

“ಇನ್ಮೇಲೆ ನಿಮ್ಮ ಪರೀಕ್ಷೆಗೆ ಕೆಂಪಿನ ತಗೊಳ್ಳಿ,” ಎಂದಳು ಮರುದಿನ.

“ಕರಿಯ?”

“ಕರಿಯನಿಗೆ ವಿಶ್ರಾಂತಿ ಬೇಕು.”

“ನಾನೇನಾದ್ರೂ ತಪ್ಪು ಮಾಡಿದ್ನಾ?”

“ಕೆಲಸದ ವಿಷಯ ಅಷ್ಟೇ.”

ಅವನು ಕೆಂಪಿಯನ್ನು ಎತ್ತಿಕೊಂಡು ಆಂಪಿನ ಕಡೆ ಹೋದ. ಅವಳ ಚಹಾ ಲೋಟ ಆ ದಿನ ನೆಲದ ಮೇಲೆ ಆರಿ ತಣ್ಣಗಾಯಿತು.

ಪ್ರವಾಸದ ಕೊನೆಯ ಊರು, ತಂಡ ಹುಟ್ಟಿದ ಊರು. ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಸುವ ತಂಡ ಅಲ್ಲಿ ಮಾತ್ರ ಹಳೆಯ ಪುಟ್ಟ ಸಭಾಂಗಣವನ್ನು ಕೇಳಿ ಪಡೆದಿತ್ತು. ಅವರು ಮೊಟ್ಟಮೊದಲು ನುಡಿಸಿದ್ದು ಅಲ್ಲೇ. ಮೊದಲ ಹಾಡನ್ನು ಅಕ್ಕ ಒಬ್ಬರೇ, ಕರಿಯನೊಬ್ಬನನ್ನೇ ಹಿಡಿದು, ನುಡಿಸುವುದೆಂದು ನಿಶ್ಚಯವಾಗಿತ್ತು.

ಸಂಗ್ರಹಾಲಯವೊಂದು ಕರಿಯನನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಬಹಳ ದಿನದಿಂದ ಕೇಳುತ್ತಿತ್ತು. “ಉಸಿರಾಡೋನನ್ನ ಗಾಜೊಳಗೆ ಇಡ್ತಾರೇನ್ರೀ?” ಎಂದು ಅಕ್ಕ ಪ್ರತಿಸಲ ಸಾಗಹಾಕುತ್ತಿದ್ದರು.

ಕಾರ್ಯಕ್ರಮದ ಹಿಂದಿನ ದಿನ ಬೆಳಗ್ಗೆ ಕರಿಯನಲ್ಲಿ ಸಣ್ಣ ಕರಕರ ಸದ್ದು ಕೇಳಿಸಿತು. ಅವಳು ತನ್ನ ಕೋಣೆಯಲ್ಲಿ ಅವನನ್ನು ಮಲಗಿಸಿ ಮುಚ್ಚಳ ಬಿಚ್ಚಿದಳು. ಕರಕರ ಸದ್ದಿನ ಕಾರಣ ಬೇಗ ಸಿಕ್ಕಿತು, ಧೂಳು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕಂಡಿತು. ತಂತಿಗಳ ಕಂಪನವನ್ನು ಹಿಡಿಯಲು ಅವುಗಳ ಕೆಳಗೆ ಎರಡು ಪಿಕಪ್‌ಗಳಿರುತ್ತವೆ. ಅವುಗಳಲ್ಲಿ ಒಂದರ ವೈರ್‌ಗಳು ಅದಲುಬದಲಾಗಿದ್ದವು. ಒಂದು ಪಿಕಪ್ ದನಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು. ಬೆಸುಗೆಯೋ, ಯಾರೋ ಕಣ್ಣುಮುಚ್ಚಿ ಮಾಡಿದ ಹಾಗೆ ಮುದ್ದೆಮುದ್ದೆ.

ಇಷ್ಟು ವರ್ಷ ಯಾರೂ ಗಮನಿಸದ ತಪ್ಪು! ಬೇರೆ ದಿನವಾಗಿದ್ದರೆ ಅವಳು ಓಡಿಹೋಗಿ ಕಾವಲಿಯನ್ನು ಕರೆದು ತೋರಿಸುತ್ತಿದ್ದಳು. ಅಂದು ಕರೆಯಲಿಲ್ಲ. ಹಳೆಯ ಬೆಸುಗೆ ಕರಗಿಸಿ, ವೈರ್‌ಗಳನ್ನು ಅವುಗಳ ನ್ಯಾಯವಾದ ಜಾಗಕ್ಕೆ ಸೇರಿಸಿ, ಮೀಟರ್ ಹಿಡಿದು ನೋಡಿದಳು. ಅಳತೆ ಸರಿಯಾಗಿ ಬಂತು. ಹೆಡ್‌ಫೋನಿನಲ್ಲಿ ದನಿ ತುಂಬಿಕೊಂಡು ಕೇಳಿಸಿತು. ತಪ್ಪು ತಿದ್ದಿದರೆ ದನಿ ತುಂಬುವುದು ಸಹಜ ಎಂದುಕೊಂಡಳು.

ಅದೇ ಬೆಳಗ್ಗೆ, ವೇದಿಕೆಯ ಮೇಲೆ, ಕಾವಲಿ ಆಂಪಿನ ಹಳೆಯ ವಾಲ್ವ್ ಒಂದು ಮಂಕಾಗಿದೆಯೆಂದು ಹೊಸದನ್ನು ಹಾಕಿ, ಕೆಂಪಿಯನ್ನು ನುಡಿಸಿ ನೋಡಿದ. ಅವನೂ ಅವಳನ್ನು ಕರೆಯಲಿಲ್ಲ.

ಮಧ್ಯಾಹ್ನ ಅಕ್ಕ ಬಂದರು. ಚಪ್ಪಲಿ ಬಿಟ್ಟು, ಕರಿಯನನ್ನು ಹೆಗಲಿಗೇರಿಸಿ, ಒಂದು ಸ್ವರ ನುಡಿಸಿದರು.

ದನಿ ಸ್ಪಷ್ಟವಾಗಿತ್ತು, ದುಂಡಗಿತ್ತು, ಆರೋಗ್ಯವಾಗಿತ್ತು. ಅಕ್ಕ ತಂತಿಯ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದರು.

“ಚೆನ್ನಾಗಿದೆ. ಆದ್ರೆ ಇವನು ಯಾರು?”

ಕಾವಲಿ ಮುಂದೆ ಬಂದ. “ಬೆಳಗ್ಗೆ ನಾನೊಂದು ವಾಲ್ವ್ ಬದಲಾಯಿಸಿದ್ದೆ ಅಕ್ಕ. ಹಳೇದೇ ಹಾಕ್ತೀನಿ.” ಅನಂತರ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ. “ಕರಿಯನಲ್ಲಿ ನೀವೇನಾದ್ರೂ ಮುಟ್ಟಿದ್ರಾ?”

ಎಲ್ಲರೆದುರು ಕೇಳುತ್ತಾನೆ! ಪಕ್ಕ ಬಿಟ್ಟು ಹೋಗುವವನು, ಹೋಗುವ ಮುಂಚೆ ನನ್ನ ಕೆಲಸಕ್ಕೂ ಮಸಿ ಬಳಿಯಬೇಕೇ?

“ಕರಿಯ ಸರಿಯಾಗಿದ್ದಾನೆ,” ಎಂದಳು.

ಅದು ಸುಳ್ಳಾಗಿರಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ.

ಹಳೆಯ ವಾಲ್ವ್ ಮರಳಿ ಒಳಗೆ ಹೋಯಿತು. ಅದು ಕಾಯುವವರೆಗೆ ಎಲ್ಲರೂ ಕಾದರು. ಅಕ್ಕ ಮತ್ತೆ ನುಡಿಸಿದರು. ದುಂಡಗಿನ ದನಿ ಈಗ ಮಂಕೂ ಆಗಿತ್ತು.

“ಇವನೂ ಅಲ್ಲ,” ಎಂದು ಅಕ್ಕ ಕರಿಯನನ್ನು ಕೆಳಗಿಳಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋವು ಕೊಡುವಂತಿತ್ತು. “ನಾಳೆ ಮಧ್ಯಾಹ್ನದವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಸಂಗ್ರಹಾಲಯದವರಿಗೆ ಹೂಂ ಅಂತೀನಿ. ಮಾತು ಹೋದವನನ್ನ ಜನರ ಮುಂದೆ ನಿಲ್ಲಿಸಿ ನಾನು ಹಿಂಸೆ ಕೊಡಲ್ಲ.”

ರಾತ್ರಿ ಅವಳು ಕೋಣೆಗೆ ಹಿಂದಿರುಗುವಾಗ ಒಮ್ಮೆ ತಿರುಗಿ ನೋಡಿದಳು. ಕಾವಲಿ ಆಂಪಿನ ಹಿಂಬದಿಯನ್ನು ಪೂರ್ತಿ ಬಿಚ್ಚಿ, ನೆಲದ ಮೇಲೆ ಮಂಡಿಯೂರಿ, ಅದರೊಳಗೆ ತಲೆಯಿಟ್ಟು ಕೂತಿದ್ದ.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳಿಗೆ ಹೊಳೆಯಿತು. ಹೊಳೆದದ್ದಲ್ಲ, ಲೆಕ್ಕ ಹಾಕದೆ ಬಿಟ್ಟಿದ್ದ ಲೆಕ್ಕ ತಾನಾಗಿ ಮುಗಿಯಿತು. ನಿನ್ನೆ ಬದಲಾದವು ಎರಡು. ಅವನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡ. ದನಿ ಮರಳಲಿಲ್ಲ. ಉಳಿದದ್ದು...

ಬ್ರಷ್ ಕೈಯಲ್ಲೇ ನಿಂತಿತು. ಆ ಮೂಗು ಕಟ್ಟಿದ, ಅತ್ತು ಮುಗಿಸಿದ ದನಿ... ಒಂದು ಮುಂದೆ ತಳ್ಳಿ ಇನ್ನೊಂದು ಹಿಂದೆ ಎಳೆದರೆ ಬೇರೆ ಹೇಗೆ ಕೇಳಿಸೀತು? ತಾನು ತಿದ್ದಿದ್ದು ತಪ್ಪನ್ನಲ್ಲ. ಕರಿಯನ ಗಂಟಲನ್ನೇ!

ಅಕ್ಕನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಕಾವಲಿಯ ದನಿ.

“...ಎಲ್ಲಾ ಬಿಚ್ಚಿ ನೋಡ್ದೆ ಅಕ್ಕ. ಏನೂ ಸಿಕ್ಲಿಲ್ಲ. ನನ್ನ ಕೈಯಲ್ಲೇ ಏನೋ ಆಗಿರಬೇಕು. ನನಗಿಂತ ಮುಂಚೆ ಇದ್ದವರನ್ನ ಕರೆಸಿ. ನಾನು ಬಿಟ್ಟುಬಿಡ್ತೀನಿ. ಕರಿಯನನ್ನ ಮಾತ್ರ ಗಾಜಿಗೆ ಕೊಡಬೇಡಿ.”

ಅವಳು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು. “ಅವರ ತಪ್ಪಲ್ಲ ಅಕ್ಕ. ನಂದು.”

ಅಕ್ಕ ಕನ್ನಡಕ ಹುಡುಕುವುದನ್ನು ನಿಲ್ಲಿಸಿದರು. “ಇದೇನ್ರೋ ಇದು. ಕುಂಬಳಕಾಯಿ ಕಳ್ಳ ಅಂದ್ರೆ ಇಬ್ಬರೂ ಹೆಗಲು ಮುಟ್ಟಿ ನೋಡ್ಕೊಳ್ತಿದ್ದೀರಲ್ಲ.”

“ಒಳಗೆ ಒಂದು ಪಿಕಪ್ಪಿನ ವೈರ್‌ಗಳು ಉಲ್ಟಾ ಇದ್ವು. ತಪ್ಪಾಗಿದೆ ಅಂತ ನಾನು ತಿದ್ದಿಬಿಟ್ಟೆ. ಕರಿಯ ಅಳ್ತಾ ಇದ್ದಿದ್ದೇ ಅದರಿಂದ. ನಿನ್ನೆ ಇವರು ಕೇಳಿದಾಗ್ಲೇ ಹೇಳ್ಬೇಕಿತ್ತು. ಹೇಳಲಿಲ್ಲ. ಇವರು ಇಷ್ಟೆಲ್ಲ ಒದ್ದಾಡೋದು ನೋಡ್ಕೊಂಡು ಹೋಗಿ ಮಲಗಿದೆ. ಕೆಲಸದಿಂದ ತೆಗೆದ್ರೂ ಸರಿ. ಮೊದಲಿದ್ದ ಹಾಗೇ ಮಾಡಿಕೊಟ್ಟು ಹೋಗ್ತೀನಿ.”

ಅಕ್ಕ ಅವಳನ್ನೇ ನೋಡುತ್ತಿದ್ದರು. “ಉಲ್ಟಾ ಇದ್ವಾ?”

“ಹೌದು.”

“ಬೆಸುಗೆ ಹೇಗಿತ್ತು?”

“ಅದು... ಯಾರೋ ಗೊತ್ತಿಲ್ಲದೋರು ಮಾಡಿದ ಹಾಗಿತ್ತು ಅಕ್ಕ.”

“ಗೊತ್ತಿಲ್ಲದೋಳೇ ಮಾಡಿದ್ದು. ನಾನು.” ಅಕ್ಕ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇದೇ ಊರು, ಇದೇ ಸಭಾಂಗಣ. ಮೊದಲನೇ ಸಲ ನುಡಿಸೋಕೆ ಹೋಗೋ ಮುಂಚೆ ವೈರ್ ಕಿತ್ತುಬಂತು. ಸ್ಕ್ರೂಡ್ರೈವರ್ ಕಾಯಿಸ್ಕೊಂಡು ಅಂಟಿಸಿದ್ದೆ. ಯಾವ ವೈರ್ ಎಲ್ಲಿಗೆ ಅಂತ ನೋಡೋಷ್ಟು ಪುರುಸೊತ್ತು ಯಾರಿಗಿತ್ತು? ಆವತ್ತಿಂದ ಇವನು ಅಳೋಕೆ ಶುರು ಮಾಡ್ದ. ನನ್ನ ಬೆರಳಿನ ಗುಣ ಅಂದ್ಕೊಂಡು ಇಷ್ಟು ವರ್ಷ ಬೀಗ್ತಿದ್ದೆನಲ್ಲೇ.”

“ಬೆರಳಿನ ಗುಣವೂ ಹೌದು ಅಕ್ಕ,” ಎಂದ ಕಾವಲಿ. “ಅದೇ ಕರಿಯನನ್ನ ನಾನೂ ದಿನಾ ನುಡಿಸಿದ್ದೀನಿ. ನನ್ನ ಕೈಯಲ್ಲಿ ಅಳ್ತಾನೆ. ನಿಮ್ಮ ಕೈಯಲ್ಲಿ ಮಾತ್ರ ಯಾಕೆ ಅಳ್ತಿದ್ದಾನೆ ಅಂತ ಹೇಳ್ತಾನೆ.”

ಅಕ್ಕನ ನಗು ನಿಂತಿತು. ಅವರು ಅವನ ಭುಜ ತಟ್ಟಿದರು. “ಬೆಣ್ಣೆ ಹಚ್ಚಿದ್ದು ಸಾಕು.” ಆಮೇಲೆ ಅವಳ ಕಡೆ ತಿರುಗಿದರು. “ಸರಿ ಮರಿ, ನೀನು ಹೋಗಿ ನನ್ನ ತಪ್ಪನ್ನ ನನಗೆ ವಾಪಸ್ ಕೊಡು. ಅಲ್ಲ, ಒಂದು ಕೇಳ್ತೀನಿ. ಇವನು ಕೇಳಿದಾಗ ಯಾಕೆ ಹೇಳಲಿಲ್ಲ? ನೀನು ಮುಚ್ಚಿಡೋ ಹುಡುಗಿ ಅಲ್ಲ.”

ಅವಳು ನೆಲ ನೋಡಿದಳು. “ಇವರು ನನ್ನ ಪಕ್ಕ ಬಿಟ್ಟು ಆ ಪಕ್ಕ ಹೋಗ್ತೀನಿ ಅಂತ ಕೇಳ್ಕೊಂಡಿದ್ದಾರೆ. ನನ್ನ ಜೊತೆ ಕೆಲಸ ಮಾಡೋಕೆ ಇಷ್ಟ ಇಲ್ಲದಿದ್ರೆ ನೇರವಾಗಿ ಹೇಳ್ಬಹುದಿತ್ತು. ಅದಕ್ಕೆ... ಕೋಪ ಬಂದಿತ್ತು.”

ಕಾವಲಿಯ ಕಿವಿಗಳು ಅವನ ವಾಲ್ವ್‌ಗಳ ಬಣ್ಣಕ್ಕೆ ತಿರುಗಿದವು.

“ಲೋ,” ಎಂದರು ಅಕ್ಕ ನಿಧಾನವಾಗಿ. “ಮೇಸ್ತ್ರಿಯ ಆ ನಿಯಮ ಇವಳಿಗೆ ಯಾರೂ ಹೇಳಿಲ್ವಾ?”

“ಯಾವ ನಿಯಮ?” ಎಂದಳು ಅವಳು.

“ವೇದಿಕೆಯ ಒಂದೇ ಪಕ್ಕದಲ್ಲಿ ಗಂಡ ಹೆಂಡ್ತಿ ನಿಲ್ಲೋ ಹಾಗಿಲ್ಲ. ಆಗೋರೂ ನಿಲ್ಲೋ ಹಾಗಿಲ್ಲ. ಇಬ್ಬರೂ ಮುಖ ಊದಿಸ್ಕೊಂಡ್ರೆ ಗಿಟಾರೂ ಕೆಡುತ್ತೆ, ಆಂಪೂ ಕೆಡುತ್ತೆ ಅಂತ ಅವನ ವಾದ. ನಾನು ಹುಚ್ಚು ನಿಯಮ ಅಂತಿದ್ದೆ. ನಿನ್ನೆ ನೋಡಿದ್ಮೇಲೆ ಅವನೇ ಸರಿ ಅನ್ನಿಸ್ತಿದೆ.” ಅಕ್ಕ ಬಾಗಿಲ ಕಡೆ ನಡೆದರು. “ನನ್ನ ಕನ್ನಡಕ ಹೊರಗೆಲ್ಲೋ ಇದೆ. ಹುಡುಕ್ತೀನಿ.”

ಕನ್ನಡಕ ಅವರ ತಲೆಯ ಮೇಲೇ ಇತ್ತು. ಇಬ್ಬರೂ ಹೇಳಲಿಲ್ಲ.

ಅವಳ ಕೋಣೆಯಲ್ಲಿ ಕರಿಯ ಮತ್ತೆ ಮೇಜಿನ ಮೇಲೆ ಮಲಗಿದ. ಬೆಸುಗೆ ಕಡ್ಡಿ ಕಾಯುತ್ತಿತ್ತು. ಕಾವಲಿ ಟಾರ್ಚ್ ಹಿಡಿದು ನಿಂತಿದ್ದ.

“ಟಾರ್ಚ್ ಅಲ್ಲಾಡ್ತಿದೆ,” ಎಂದಳು.

“ಗೊತ್ತು.”

ಒಂದು ವೈರ್ ಬಿಟ್ಟುಕೊಂಡಿತು. ಸಣ್ಣ ಹೊಗೆ ಎದ್ದಿತು.

“ಮೊದಲು ನನ್ನನ್ನ ಕೇಳ್ಬೇಕಿತ್ತು,” ಎಂದಳು ತಲೆಯೆತ್ತದೆ. “ಮೇಸ್ತ್ರಿನ ಅಲ್ಲ.”

“ಹೌದು. ಆದ್ರೆ ಜಾಗ ಸಿಗದಿದ್ರೆ ನಿಮ್ಮನ್ನ ಕೇಳಿ ಏನ್ ಪ್ರಯೋಜನ? ನಿಮಗೆ ಕರಿಯನನ್ನ ಬಿಟ್ಟುಹೋಗೋ ಪರಿಸ್ಥಿತಿ ಬರಬಾರದು ಅಂದ್ಕೊಂಡೆ. ಹೋಗೋದಾದ್ರೆ ನಾನು ಹೋಗ್ಬೇಕು. ಅದು ಗಟ್ಟಿ ಆದ್ಮೇಲೆ ಕೇಳೋಣ ಅಂತ... ಅಷ್ಟರಲ್ಲಿ ನೀವು ಕೆಂಪಿನ ಕೈಗೆ ಕೊಟ್ರಿ.”

“ನೀವಾದ್ರೂ ಯಾಕೆ ಅಂತ ಕೇಳ್ಬಹುದಿತ್ತು.”

“ಕೇಳಿದೆ. ಕೆಲಸದ ವಿಷಯ ಅಂದ್ರಿ.”

ಅವಳ ಕಣ್ಣು ಮಂಜಾಯಿತು. ಎರಡನೆಯ ವೈರ್ ಎಲ್ಲಿದೆಯೆಂದು ಕಾಣಲಿಲ್ಲ. ಅವನು ಟಾರ್ಚನ್ನು ಕೆಳಗಿಟ್ಟು, ತನ್ನ ಅಂಗಿಯ ತೋಳಿನ ತುದಿಯಿಂದ ಅವಳ ಕೆನ್ನೆ ಒರೆಸಿದ. ತೋಳಿನ ಗುಂಡಿ ಕಿತ್ತುಹೋಗಿತ್ತು.

“ಈಗ ಕೇಳಿ,” ಎಂದಳು.

“ನಿಮ್ಮ ಕೈಯಲ್ಲಿ ಕಾದ ಕಡ್ಡಿ ಇದೆ.”

“ಅದಕ್ಕೇ ಹೇಳಿದ್ದು, ಹುಷಾರಾಗಿ ಕೇಳಿ.”

ಅವನು ಟಾರ್ಚನ್ನು ಮತ್ತೆ ಎತ್ತಿ ಹಿಡಿದ. “ನನ್ನನ್ನ ಮದುವೆ ಆಗ್ತೀಯಾ?”

ಅವಳು ಎರಡನೆಯ ವೈರನ್ನು ಅದರ ಉಲ್ಟಾ ಜಾಗಕ್ಕೆ ಸೇರಿಸಿ, ಬೆಸುಗೆ ಆರುವವರೆಗೆ ಅಲುಗಾಡದೆ ಹಿಡಿದುಕೊಂಡಳು. ಆಮೇಲೆ ಕಡ್ಡಿಯನ್ನು ಗೂಡಿಗಿಟ್ಟು ಅವನ ಕಡೆ ತಿರುಗಿದಳು.

“ಆಗ್ತೀನಿ,” ಎಂದಳು. “ಮೊದಲು ಅಮ್ಮನ ಹತ್ರ ಆ ಗುಂಡಿ ಹೊಲಿಸ್ಕೊಂಡು ಬಾ.”

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಅವನು ಹೊಸ ವಾಲ್ವ್ ಹಾಕಿ, ಬಿಚ್ಚಿದ್ದ ಆಂಪನ್ನು ಮತ್ತೆ ಜೋಡಿಸಿದ, ವಾಲ್ವ್‌ಗಳು ಕಾದವು. ಅವಳು ಕರಿಯನ ಶ್ರುತಿ ಮಾಡಿ ಅಕ್ಕನ ಕೈಗಿತ್ತಳು. ಅಕ್ಕ ಕಣ್ಣು ಮುಚ್ಚಿದರು.

ಒಂದು ಸ್ವರ.

ಖಾಲಿ ಸಭಾಂಗಣದ ಕೊನೆಯ ಸಾಲಿನವರೆಗೆ ಅದು ಹೋಗಿ, ಗೋಡೆ ಮುಟ್ಟಿ, ಇನ್ನೂ ಮುಗಿಯದೆ ಮರಳಿ ಬಂತು. ಏಣಿಯ ಮೇಲೆ ದೀಪ ತಿರುಗಿಸುತ್ತಿದ್ದವರ ಕೈ ನಿಂತಿತು. ಮೇಸ್ತ್ರಿ ಟೋಪಿ ತೆಗೆದ. ಅಕ್ಕ ಕರಿಯನ ಮೈಮೇಲೆ, ಬಣ್ಣ ಹೋದ ಜಾಗದಲ್ಲಿ, ಕೆನ್ನೆಯಿಟ್ಟರು.

“ಗಾಜಿನವರಿಗೆ ಏನ್ ಹೇಳ್ಲಿ ಅಕ್ಕ?” ಎಂದ ಮೇಸ್ತ್ರಿ ಸ್ವಲ್ಪ ಹೊತ್ತಿನ ಮೇಲೆ.

“ಗಾಜು ಒರೆಸ್ಕೊಂಡು ಕೂತಿರಿ ಅಂತ ಹೇಳು. ಇವನಿಗೆ ಸಂಜೆ ಕೆಲಸ ಇದೆ.”

“ಮತ್ತೆ ಇವರಿಬ್ಬರದ್ದು?”

“ನಿನ್ನ ನಿಯಮ ನಿನ್ನದಪ್ಪಾ. ಬೆಳಗ್ಗೆ ಇಬ್ಬರೂ ಸೇರಿ ಕರಿಯನನ್ನೂ ಆಂಪನ್ನೂ ನೋಡ್ಲಿ. ನಾನು ವೇದಿಕೆ ಹತ್ತಿದ ಮೇಲೆ ಇವನು ಆ ಪಕ್ಕ ಹೋಗ್ಲಿ. ನನ್ನ ಬೆನ್ನ ಹಿಂದೆ ಸಂಸಾರ ಬೇಡ.”

ಸಂಜೆ ಜನ ತುಂಬಿದರು. ದೀಪಗಳು ಆರಿದವು. ಅವಳು ಎಡ ಪಕ್ಕದ ಪರದೆಯ ಮರೆಯಲ್ಲಿ, ಕರಿಯನ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತಳು. ಬೇಸ್ ಗಿಟಾರಿನ ಕಡೆಯವನು ಕಾವಲಿಯ ಜಾಗಕ್ಕೆ ಬಂದಿದ್ದ. ಒಳ್ಳೆಯವನೇ. ಆದರೂ ಅವಳಿಗೆ ಆ ಜಾಗ ಖಾಲಿಯೆನಿಸಿತು.

ಕಿವಿಗೆ ಹಾಕಿಕೊಂಡಿದ್ದ ಹೆಡ್‌ಸೆಟ್ಟಿನಲ್ಲಿ ಸಣ್ಣ ಕರಕರ ಸದ್ದಾಯಿತು.

“ಅಳತೆಯಮ್ಮ.”

“ಹೂಂ.”

“ಬೇಜಾರಾ?”

“ಸ್ವಲ್ಪ. ಅಲ್ಲಿಂದ ನಿನಗೆ ಕರಿಯ ಸರಿಯಾಗಿ ಕೇಳ್ಸುತ್ತಾ?”

“ಕೇಳ್ಸುತ್ತೆ. ಇನ್ನೊಂದು ವಿಷಯ ಹೇಳ್ಲಾ? ಮೇಸ್ತ್ರಿ ಹತ್ರ ಆ ಪಕ್ಕ ಕೇಳೋಕೆ ಇನ್ನೊಂದು ಕಾರಣನೂ ಇತ್ತು.”

“ಏನು?”

“ನಿನ್ನ ಪಕ್ಕ ನಿಂತಾಗ ಹಾಡು ಮುಗಿಯೋವರೆಗೂ ನಿನ್ನ ಬೆನ್ನು ಮಾತ್ರ ಕಾಣೋದು. ನೀನು ಅಕ್ಕನ ಕಡೆ ನೋಡ್ತಾ ಇರ್ತಿದ್ದೆ.”

“ಅಲ್ಲಿಂದ?”

ಅವನು ಉತ್ತರ ಕೊಡುವ ಮೊದಲೇ ಅಕ್ಕನ ಮೇಲೆ ಬೆಳಕು ಬಿತ್ತು. ಬರಿಗಾಲು, ಕಪ್ಪು ಗಿಟಾರ್. ಮೊದಲ ಸ್ವರ ಸಭಾಂಗಣವನ್ನು ಸೀಳಿತು. ಜನರ ಉಸಿರು ಒಟ್ಟಿಗೆ ನಿಂತಿತು. ಅವಳು ಅಕ್ಕನ ಬೆರಳುಗಳನ್ನು ನೋಡಿದಳು, ಆಮೇಲೆ ಅಕ್ಕನ ಆಚೆಗೆ, ಬೆಳಕು ದಾಟಿ, ಬಲಗಡೆಯ ಪರದೆಯ ಅಂಚಿಗೆ ಕಣ್ಣು ಹಾಯಿಸಿದಳು.

ಕೆದರಿದ ಕೂದಲಿನ ಅವನು ಅವಳನ್ನೇ ನೋಡುತ್ತ ನಿಂತಿದ್ದ.

“ಕಾಣ್ತಿದ್ದೀನಾ?” ಎಂದಳು ಪಿಸುದನಿಯಲ್ಲಿ.

“ಕಾಣ್ತಿದ್ದೀಯ. ನಾನು?”

ಅವಳು ಕಣ್ಣೊರೆಸಿಕೊಂಡು ಇನ್ನೊಮ್ಮೆ ಸರಿಯಾಗಿ ನೋಡಿದಳು.

ಈ ಪಕ್ಕದಿಂದ ಆ ಪಕ್ಕ ಪೂರ್ತಿ ಕಾಣಿಸುತ್ತಿತ್ತು.